ಜಾನ್ ಬೀಯ ಒಂಬತ್ತು ಸೊಟ್ಟ ಕಾಲರುಗಳು

ಜಾನ್ ಬೀಗೆ ಜೀವನದಲ್ಲಿ ಎರಡು ಹೆಮ್ಮೆ. ಒಂದು, ಕೆಲಸಕ್ಕೆ ಚಕ್ಕರ್ ಹೊಡೆದವಳಲ್ಲ. ಎರಡು, ಅವಳು ಹೊಲಿದ ಬಟ್ಟೆ ತಪ್ಪೆಂದು ಒಮ್ಮೆಯೂ ವಾಪಸ್ ಬಂದದ್ದಿಲ್ಲ. ಮೊದಲನೆಯದು ಅಪ್ಪಟ ನಿಜ. ಎರಡನೆಯದನ್ನು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೊರಡುವ ಗಾರ್ಮೆಂಟ್ಸ್ ಬಸ್ಸಿನಲ್ಲಿ ದಿನಕ್ಕೊಮ್ಮೆಯಾದರೂ ಕೇಳಿ ಕೇಳಿ, ಬಸ್ಸಿನ ಹೆಂಗಸರೆಲ್ಲ ಅದನ್ನು ಹಾರ್ನ್ ಶಬ್ದದಂತೆ ಸಹಿಸಿಕೊಂಡಿದ್ದರು.

ಅವಳು ಸುಳ್ಳು ಹೇಳುವವಳಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಹೊಲಿಗೆ ಸೊಟ್ಟಗಾದಾಗಲೆಲ್ಲ ಅದು ದಾರದ ತಪ್ಪು, ಇಲ್ಲವೇ ಸೂಜಿಯ ತಪ್ಪು, ಇಲ್ಲವೇ ಬಟ್ಟೆ ಕತ್ತರಿಸಿದವನ ತಪ್ಪು ಎಂದು ಮನಸಾರೆ ನಂಬಿದ್ದಳು, ಅಷ್ಟೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ಪಕ್ಕದ ಮಿಷಿನ್ನಿನ ರಾಮಲಕ್ಷ್ಮಮ್ಮನಿಗೆ ಹೇಳುವುದರಲ್ಲಿ ಮಾತ್ರ ಎತ್ತಿದ ಕೈ. ರಾಮಲಕ್ಷ್ಮಮ್ಮ ಅವಳಿಗಿಂತ ಐದಾರು ವರ್ಷ ಚಿಕ್ಕವಳು, ಮಾತು ಕಡಿಮೆ. ಎಲ್ಲವನ್ನೂ ಕೇಳಿಸಿಕೊಂಡು “ಊರ್ಕೋ ಅಕ್ಕ” ಎಂದು ತೆಲುಗಿನಲ್ಲಿ ಸುಮ್ಮನಿರಿಸಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಇಂಥ ಜಾನ್ ಬೀಗೆ ಜನವರಿಯಲ್ಲಿ ಕಾಮಾಲೆ ಹಿಡಿಯಿತು. ಕಣ್ಣು ಅರಿಸಿನ, ಉಗುರು ಅರಿಸಿನ. ಆರು ವಾರ ಮಿಷಿನ್ ಮುಟ್ಟಬಾರದೆಂದು ಡಾಕ್ಟರು ಸರ್ಟಿಫಿಕೇಟ್ ಬರೆದುಕೊಟ್ಟರು. ಗಂಡ ದಸ್ತಗಿರ್ ತೀರಿಕೊಂಡು ಎಂಟು ವರ್ಷವಾಗಿತ್ತು. ಮನೆಯಲ್ಲಿ ಅವಳು, ಬಿ.ಕಾಂ. ಓದುವ ಮಗಳು ಆರ್ಜೂ, ಇಬ್ಬರೇ. ದುಡಿಯುವ ಕೈ ಒಂದೇ. ಆದರೂ ಜಾನ್ ಬೀ ಹೆದರಲಿಲ್ಲ. ನಾಲ್ಕು ವರ್ಷದಿಂದ ಸಂಬಳದಲ್ಲಿ ಇಎಸ್‌ಐ ವಿಮೆಯ ವಂತಿಗೆ ಹಿಡಿಯುತ್ತಿದ್ದಾರೆ, ಕಾಯಿಲೆಯಲ್ಲಿ ಮಲಗಿದಷ್ಟು ದಿನ ಅವರೇ ಮುಕ್ಕಾಲುಪಾಲು ಸಂಬಳ ಕೊಡುತ್ತಾರೆ, ಇಷ್ಟು ಅವಳಿಗೆ ಗೊತ್ತಿತ್ತು. ಅರ್ಜಿ ಹಾಕಿ ನೆಮ್ಮದಿಯಾಗಿ ಗಂಜಿ ಕುಡಿದು ಮಲಗಿದಳು.

ಅರ್ಜಿ ತಿರಸ್ಕೃತವಾಗಿ ಬಂತು. ಆರ್ಜೂ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಇಎಸ್‌ಐ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತ ಬಯ್ಯಪ್ಪ ಒಳ್ಳೆಯ ಮನುಷ್ಯ, ಕಂಪ್ಯೂಟರ್ ಪರದೆಯನ್ನೇ ಅವರ ಕಡೆ ತಿರುಗಿಸಿ ತೋರಿಸಿದ.

“ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎಪ್ಪತ್ತೆಂಟು ದಿನದ ವಂತಿಗೆ ಇರ್ಬೇಕಮ್ಮ. ನಿಮ್ಮದು ಅರವತ್ತೊಂಬತ್ತೇ ಇದೆ.”

“ಮಧ್ಯದಲ್ಲಿ ಆರ್ಡರ್ ಇಲ್ಲ ಅಂತ ಅವರೇ ಫ್ಯಾಕ್ಟರಿ ಬಾಗಿಲು ಹಾಕಿದ್ರು ಸಾರ್. ತೆಗೆದಮೇಲೆ ನಾನು ಒಂದು ದಿನಾನೂ ತಪ್ಪಿಸಿಲ್ಲ.”

“ಜುಲೈನಲ್ಲಿ ಒಂಬತ್ತು ದಿನ ಆಬ್ಸೆಂಟ್ ಅಂತ ತೋರಿಸ್ತಿದೆಯಲ್ಲಮ್ಮ. ಆವತ್ತು ಬಂದಿದ್ದೆ ಅಂತ ಫ್ಯಾಕ್ಟರಿಯಿಂದ ಕಾಗದ ತನ್ನಿ, ಅವರು ಆ ಒಂಬತ್ತು ದಿನದ್ದು ಕಟ್ಟಲಿ, ನೀವು ಮೇಲ್ಮನವಿ ಕೊಡಿ. ಆಗ ಆಗುತ್ತೆ. ಒಂದು ದಿನ ಕಮ್ಮಿ ಆದ್ರೂ ಆಗಲ್ಲ.”

ದುಡ್ಡು ಬರದಿದ್ದರೆ ಮುಂದಿನ ವಾರವೇ ಹಳದಿ ಕಣ್ಣಿನಲ್ಲಿ ಮಿಷಿನ್ ಮುಂದೆ ಕೂರಬೇಕಿತ್ತು. ಆದರೆ ಜಾನ್ ಬೀಯ ಎದೆಗೆ ನಾಟಿದ್ದು ಆ ‘ಆಬ್ಸೆಂಟ್’ ಎಂಬ ಮಾತು. ಮಾವನನ್ನು ಮಣ್ಣು ಮಾಡಿದ ಮರುದಿನವೂ ಕೆಲಸಕ್ಕೆ ಹೋಗಿದ್ದವಳು ಅವಳು.

ಆ ಒಂಬತ್ತು ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಫ್ಯಾಕ್ಟರಿಗೆ ಬೆರಳು ಒತ್ತುವ ಹೊಸ ಹಾಜರಿ ಯಂತ್ರ ಬಂದ ಹೊತ್ತು ಅದು. ಎಲ್ಲರ ಬೆರಳನ್ನೂ ಒಪ್ಪಿದ ಯಂತ್ರ ಜಾನ್ ಬೀಯ ಬೆರಳನ್ನು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಗಾರ್ಮೆಂಟ್ಸ್ ಸೇರುವ ಮುಂಚೆ ಇಪ್ಪತ್ತೆರಡು ವರ್ಷ ಅವಳು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದ್ದಳು. ಕುದಿಯುವ ನೀರಿನಲ್ಲಿ ತೇಲುವ ಗೂಡಿನಿಂದ ಎಳೆ ಹುಡುಕಿ ಹುಡುಕಿ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಹತ್ತು ಬೆರಳನ್ನೂ ಒತ್ತಿದರೆ ಹತ್ತು ಸಲವೂ ಯಂತ್ರದೊಳಗಿನ ಹೆಂಗಸು ‘ಟ್ರೈ ಅಗೇನ್’ ಎನ್ನುತ್ತಿದ್ದಳು. ಹಿಂದೆ ನೂರು ಜನರ ಸಾಲು ಗೊಣಗುತ್ತಿತ್ತು. ಸೂಪರ್‌ವೈಸರ್ ಚನ್ನಕೇಶವ “ನೀವು ಪಕ್ಕಕ್ಕೆ ಬನ್ನಿ ಅಮ್ಮ, ನಾನು ಬುಕ್ಕಲ್ಲಿ ಬರ್ಕೊಳ್ತೀನಿ” ಎಂದು ಒಂಬತ್ತು ದಿನ ಬರೆದುಕೊಂಡ, ಆ ದಿನಗಳ ಕೂಲಿಯನ್ನು ಕೈಗೇ ಕೊಟ್ಟ. ಹತ್ತನೆಯ ದಿನ ಬೆರಳಿನ ಬದಲು ತೋರಿಸುವ ಕಾರ್ಡು ಮಾಡಿಸಿಕೊಟ್ಟರು. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡಿದ್ದಳು.

ಈಗ ನೋಡಿದರೆ ಚನ್ನಕೇಶವ ಬೇರೆ ಫ್ಯಾಕ್ಟರಿ ಸೇರಿದ್ದ. ಫೋನ್ ಮಾಡಿದರೆ ಆ ಬುಕ್ಕು ಎಲ್ಲಿ ಹೋಯಿತೋ ಗೊತ್ತಿಲ್ಲವೆಂದ. ಎಚ್‌ಆರ್ ವಿಭಾಗದ ಆಶಾರಾಣಿ ಕಂಪ್ಯೂಟರನ್ನು ಮೂರು ಸಲ ನೋಡಿ ಕೈಚೆಲ್ಲಿದಳು.

“ಸಿಸ್ಟಮ್‌ನಲ್ಲಿ ಇಲ್ವಲ್ಲಮ್ಮ.”

“ಸಿಸ್ಟಮ್‌ನಲ್ಲಿ ಇಲ್ದಿದ್ರೆ ನಾನೂ ಇರಲಿಲ್ಲ ಅಂತಾನಾ ಮೇಡಂ? ಬಸ್ಸಿನ ಹೆಂಗಸರನ್ನ ಕೇಳಿ, ಎಲ್ಲರೂ ಹೇಳ್ತಾರೆ.”

“ಬಾಯಿಮಾತು ನಡೆಯಲ್ಲ ಅಮ್ಮ. ಫ್ಯಾಕ್ಟರಿ ಒಳಗೆ, ಆವತ್ತಿನ ತಾರೀಖು ಹಾಕಿ, ನಿಮ್ಮ ಹೆಸರು ಬರೆದಿರೋ ಕಾಗದ ಒಂದಿರಲಿ, ಸಾಕು. ಮಿಕ್ಕಿದ್ದು ನಾನು ಮಾಡಿಸ್ತೀನಿ.”

ಜಾನ್ ಬೀ ಗೇಟಿನ ಹತ್ತಿರದ ಬೆಂಚಿನ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದಾಗ ಊಟದ ಗಂಟೆ ಹೊಡೆಯಿತು. ರಾಮಲಕ್ಷ್ಮಮ್ಮನೂ, ಹೊಲಿದ ಬಟ್ಟೆ ಪರೀಕ್ಷಿಸುವ ಚೆಕರ್ ಕದಿರಮ್ಮನೂ ಹತ್ತಿರ ಬಂದರು. ಸಂಗತಿ ಕೇಳಿದ ಕದಿರಮ್ಮ ಸ್ವಲ್ಪ ಹೊತ್ತು ಮೂಗು ತುರಿಸಿಕೊಂಡಳು.

“ಅಂಥ ಕಾಗದ ನನ್ನ ಹತ್ರ ಐತೆ ಅಕ್ಕ. ಆದ್ರೆ ನಿಂಗೆ ಹಿಡ್ಸಲ್ಲ.”

“ಪ್ರಾಣ ಉಳಿಸೋ ಔಷಧಿ ಕಹಿ ಅಂತ ಬಿಡ್ತಾರೇನೇ? ತಗೊಂಡು ಬಾ.”

ಕದಿರಮ್ಮ ತಂದದ್ದು ತಪ್ಪಿನ ಪುಸ್ತಕ. ವಾಪಸ್ ಹೋದ ಪ್ರತಿಯೊಂದು ಬಟ್ಟೆಗೂ ಅದರಲ್ಲಿ ತಾರೀಖು, ಮಿಷಿನ್ ನಂಬರು, ಹೊಲಿದವರ ಹೆಸರು, ಏನು ತಪ್ಪು ಎಂಬುದು ಇರುತ್ತಿತ್ತು. ಆಶಾರಾಣಿಯ ಮೇಜಿನ ಮೇಲೆ ಜುಲೈ ತಿಂಗಳ ಪುಟ ಬಿಚ್ಚಿಟ್ಟು ಕದಿರಮ್ಮ ಗಟ್ಟಿಯಾಗಿ ಓದತೊಡಗಿದಳು.

“ಮೊದಲನೇ ದಿನ, ಮಿಷಿನ್ ಹದಿನಾಲ್ಕು, ಜಾನ್ ಬೀ, ಕಾಲರ್ ಸೊಟ್ಟ. ಎರಡನೇ ದಿನ, ಹದಿನಾಲ್ಕು, ಜಾನ್ ಬೀ, ಕಾಲರ್ ಸೊಟ್ಟ. ಮೂರನೇ ದಿನ, ಜಾನ್ ಬೀ, ಕಾಲರ್…”

ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು, ಆದರೆ ಮುಳ್ಳಿನ ಬಳ್ಳಿ. ಆ ವಾರಗಳಲ್ಲಿ ಅವಳನ್ನು ಹೊಸದಾಗಿ ಕಾಲರ್ ಹೊಲಿಗೆಗೆ ಹಾಕಿದ್ದರು. ಬೆಳಿಗ್ಗೆ ಬೆಳಿಗ್ಗೆ ಯಂತ್ರದ ಮುಂದೆ ಮಾನ ಕಳೆದುಕೊಂಡು ಬಂದ ಕೈ ನೆಟ್ಟಗೆ ಓಡಿರಲಿಲ್ಲ. “ಬಟ್ಟೆ ಜಾರ್ತಿತ್ತು ಮೇಡಂ” ಎಂದು ಜಾನ್ ಬೀ ಒಮ್ಮೆ ಬಾಯಿ ಹಾಕಿದಳು. “ಸೊಟ್ಟ ಇದ್ದಷ್ಟೂ ಒಳ್ಳೇದು ಕಣಮ್ಮ ಈಗ, ಸುಮ್ನಿರಿ” ಎಂದು ಆಶಾರಾಣಿ ನಗು ತಡೆದುಕೊಂಡು ಬರೆದುಕೊಂಡಳು. ಜನ್ಮದಲ್ಲಿ ಮೊದಲ ಸಲ ಜಾನ್ ಬೀ ತನ್ನ ತಪ್ಪು ಕಡಿಮೆಯಾಗದಿರಲಿ ದೇವರೇ ಎಂದು ಬೇಡಿಕೊಂಡಳು.

ಎಂಟು ದಿನ ಸಿಕ್ಕಿತು. ಒಂಬತ್ತನೆಯ ದಿನದ ಪುಟದಲ್ಲಿ ಅವಳ ಹೆಸರೇ ಇರಲಿಲ್ಲ.

“ಅಯ್ಯೋ, ಆವತ್ತೊಂದಿನ ಸರಿಯಾಗಿ ಹೊಲಿದುಬಿಟ್ಟಿದೀರಲ್ಲಮ್ಮ” ಎಂದಳು ಆಶಾರಾಣಿ. “ಎಪ್ಪತ್ತೇಳಕ್ಕೆ ನಿಂತುಹೋಯ್ತು.”

ಕದಿರಮ್ಮ ಪುಸ್ತಕ ನೋಡುತ್ತಿದ್ದಳು. ಜೊತೆಗೆ ಬಂದಿದ್ದ ರಾಮಲಕ್ಷ್ಮಮ್ಮ ನೆಲ ನೋಡುತ್ತಿದ್ದಳು. ಜಾನ್ ಬೀ ಗೋಡೆಯ ಕ್ಯಾಲೆಂಡರ್ ನೋಡಿದಳು. ಆ ಕೋಣೆಯಲ್ಲಿ ಆಶಾರಾಣಿಯನ್ನು ಬಿಟ್ಟು ಮೂವರಿಗೂ ಗೊತ್ತಿತ್ತು, ಒಂಬತ್ತನೆಯ ದಿನವೂ ಜಾನ್ ಬೀಯ ಕಾಲರ್ ವಾಪಸ್ ಬಂದಿತ್ತು. ಇನ್ನೊಂದು ಸಲ ಹೆಸರು ಬಿದ್ದರೆ ಅವಳನ್ನು ಟೈಲರ್ ಕೆಲಸದಿಂದ ಹೆಲ್ಪರ್ ಕೆಲಸಕ್ಕೆ ಇಳಿಸುತ್ತಾರೆ ಎಂದು ಲೈನಿನಲ್ಲಿ ಸುದ್ದಿ ಹಬ್ಬಿತ್ತು. ಜಾನ್ ಬೀಯ ಮುಖ ನೋಡಲಾಗದೆ ರಾಮಲಕ್ಷ್ಮಮ್ಮ, “ನನ್ನ ಹೆಸರಿಗೆ ಬರ್ಕೋ ಕದಿರಮ್ಮ, ಯಾರದ್ದಾದ್ರೇನು” ಎಂದಿದ್ದಳು. ಕದಿರಮ್ಮ ಹಾಗೇ ಬರೆದಿದ್ದಳು.

ಆ ವರ್ಷ ಒಂದೂ ತಪ್ಪಿಲ್ಲದ ಟೈಲರಿಗೆ ಆಗಸ್ಟ್ ಹದಿನೈದರಂದು ಪ್ರೆಷರ್ ಕುಕ್ಕರ್ ಬಹುಮಾನವಿತ್ತು. ರಾಮಲಕ್ಷ್ಮಮ್ಮನಿಗೇ ಬರಬೇಕಿದ್ದ ಕುಕ್ಕರು ಆ ಒಂದು ಕಾಲರಿನಿಂದ ಬೇರೆಯವಳ ಪಾಲಾಯಿತು. ಆವತ್ತು ಬಸ್ಸಿನಲ್ಲಿ ಜಾನ್ ಬೀ ಹೇಳಿದ ಮಾತು ಏನು ಗೊತ್ತೇ? “ಕಾಲರ್ ಅಂದ್ರೆ ಕೈಗೆ ಬರ್ಬೇಕು ಕಣೇ ಲಕ್ಷ್ಮಿ, ಇನ್ನೂ ಸ್ವಲ್ಪ ಕಲಿ.” ಹೇಳುವಾಗ ಅವಳು ಅದನ್ನು ನಂಬಿಯೂ ಇದ್ದಳು. ಮರೆಯಬೇಕೆಂದು ಹೊರಟವರಿಗೆ ಮರೆವು ಎಷ್ಟು ಬೇಗ ಕೈಗೆ ಹತ್ತುತ್ತದೆ ನೋಡಿ.

ಆ ಕಾಲರ್ ತನ್ನದೆಂದು ಬಾಯಿ ಬಿಡದೆ ಜಾನ್ ಬೀ ಮನೆಗೆ ಬಂದಳು. ಎಪ್ಪತ್ತೇಳೇ ಆಯಿತೆಂದು ಕೇಳಿ ಆರ್ಜೂ ಪುಸ್ತಕ ಮುಚ್ಚಿಟ್ಟಳು. “ನಾಳೆಯಿಂದ ನಾನೇ ಫ್ಯಾಕ್ಟರಿಗೆ ಹೋಗ್ತೀನಿ ಅಮ್ಮಿ, ಪರೀಕ್ಷೆ ಮುಂದಿನ ವರ್ಷ ಬರೆದರಾಯ್ತು. ನಿನ್ನ ತಪ್ಪೇನಿಲ್ಲ ಬಿಡು” ಎಂದಳು. ಮಗಳ ಬಾಯಲ್ಲಿ ಕೊನೆಯ ಮಾತು ಕೇಳಿದ್ದೇ ಜಾನ್ ಬೀ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

ಮರುದಿನ ಬೆಳಿಗ್ಗೆ ಬಸ್ಸಿಗೆ ಅವಳೂ ಹತ್ತಿದಳು. ಡ್ರೈವರನ ಹಿಂದಿನ ಸೀಟಿನಲ್ಲಿ ತುಟಿ ಬಿಗಿದು ಕುಳಿತಿದ್ದಳು. ಮಾತೇ ಆಡದ ಜಾನ್ ಬೀಯನ್ನು ಕಂಡು, ಕಾಯಿಲೆ ಜೋರಾಗಿದೆ ಪಾಪ ಎಂದು ಹೆಂಗಸರು ತಮ್ಮತಮ್ಮಲ್ಲೇ ಅಂದುಕೊಂಡರು. ಫ್ಯಾಕ್ಟರಿಯಲ್ಲಿ ಇಳಿದು ರಾಮಲಕ್ಷ್ಮಮ್ಮನ ಕೈ ಹಿಡಿದು ಎಳೆದುಕೊಂಡೇ ಹೋಗಿ ಆಶಾರಾಣಿಯ ಮುಂದೆ ನಿಲ್ಲಿಸಿದಳು. ಕದಿರಮ್ಮನಿಗೂ ಹೇಳಿ ಕಳಿಸಿದಳು.

“ಮೇಡಂ, ಒಂಬತ್ತನೇ ದಿನದ ಪುಟ ತೆಗೀರಿ. ರಾಮಲಕ್ಷ್ಮಮ್ಮ ಅಂತ ಹೆಸರಿದೆ. ಮಿಷಿನ್ ನಂಬರ್ ನೋಡಿ.”

“ಹದಿನಾಲ್ಕು” ಎಂದಳು ಆಶಾರಾಣಿ. ಹುಬ್ಬು ಗಂಟಿಕ್ಕಿತು. “ಇವರದು ಹದಿನೈದಲ್ವಾ?”

“ಹದಿನಾಲ್ಕು ನಂದು. ಆ ಕಾಲರ್ ನಂದು. ಹೊಲಿದಿದ್ದು ನಾನು, ಸೊಟ್ಟ ಮಾಡಿದ್ದೂ ನಾನೇ. ದಾರ ಸರಿಯಾಗೇ ಇತ್ತು.” ಜಾನ್ ಬೀ ಉಸಿರು ತೆಗೆದುಕೊಂಡಳು. “ನಾನು ಬಚಾವಾಗಲಿ ಅಂತ ಇವಳು ತಲೆ ಮೇಲೆ ಹಾಕ್ಕೊಂಡ್ಳು. ಇವಳ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೀರಿ. ಕುಕ್ಕರ್ ತಪ್ಪಿಸಿದವಳು ನಾನೇ ಅಂತಾನೂ ಬೇಕಾದ್ರೆ ಬರೀರಿ.”

ಕದಿರಮ್ಮ ಹೌದೆಂದು ಸಹಿ ಹಾಕಿದಳು. ಸುಳ್ಳು ಬರೆದದ್ದಕ್ಕೆ ಆಶಾರಾಣಿಯಿಂದ ಬೈಸಿಕೊಂಡಳು, ಅದೂ ನ್ಯಾಯವೇ. ರಾಮಲಕ್ಷ್ಮಮ್ಮನೂ ಸಹಿ ಹಾಕಿದಳು. ಒಂಬತ್ತು ದಿನವೂ ಜಾನ್ ಬೀ ಕೆಲಸಕ್ಕೆ ಬಂದಿದ್ದಳೆಂದು ಫ್ಯಾಕ್ಟರಿ ಕಾಗದ ಕೊಟ್ಟಿತು, ಬಿಟ್ಟುಹೋದ ವಂತಿಗೆ ಕಟ್ಟಿತು. ಆರ್ಜೂ ಚಂದದ ಅಕ್ಷರದಲ್ಲಿ ಮೇಲ್ಮನವಿ ಬರೆದಳು. ಬಯ್ಯಪ್ಪ ತಪ್ಪಿನ ಪುಸ್ತಕದ ಜೆರಾಕ್ಸುಗಳನ್ನು ಒಂದೊಂದಾಗಿ ಓದಿ, “ಕೆಲಸಕ್ಕೆ ಬಂದಿದ್ರಿ ಅನ್ನೋದ್ರಲ್ಲಿ ಅನುಮಾನ ಇಲ್ಲಮ್ಮ” ಎಂದು ಗಂಭೀರವಾಗಿಯೇ ಹೇಳಿದ. ಮೂರು ವಾರಕ್ಕೆ ಅರ್ಜಿ ಮಂಜೂರಾಯಿತು. ಆರ್ಜೂ ಪರೀಕ್ಷೆಗೆ ಓದುತ್ತಾ ಕುಳಿತಳು, ಜಾನ್ ಬೀ ಡಾಕ್ಟರು ಹೇಳಿದಷ್ಟು ದಿನವೂ ಮಲಗಿದಳು.

ಒಂದು ಭಾನುವಾರ ರಾಮಲಕ್ಷ್ಮಮ್ಮ ನಾಲ್ಕು ಎಳನೀರು ಹಿಡಿದುಕೊಂಡು ನೋಡಲು ಬಂದಳು. ಕಣ್ಣಿನ ಹಳದಿ ಇಳಿದಿದೆಯೇ ಎಂದು ಹತ್ತಿರ ಬಗ್ಗಿ ನೋಡಿ, ಮಂಚದ ಅಂಚಿನಲ್ಲಿ ಕುಳಿತಳು. ಜಾನ್ ಬೀ ಬಹಳ ಹೊತ್ತು ಹೊದಿಕೆಯ ಅಂಚು ಮಡಿಸುತ್ತಾ ಬಿಚ್ಚುತ್ತಾ ಇದ್ದಳು.

“ಏಳು ತಿಂಗಳು ನನ್ನ ಮಾತೆಲ್ಲ ಕೇಳ್ಕೊಂಡು ಕೂತಿದ್ಯಲ್ಲೇ ಲಕ್ಷ್ಮಿ. ಆ ಕಾಲರ್ ನಿಂದೇ ಅಂತ ಒಂದ್ಸಲ ನನ್ನ ಬಾಯಿ ಮುಚ್ಚಿಸಬಾರದಾಗಿತ್ತಾ?”

“ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ ಕಣಕ್ಕ” ಎಂದಳು ರಾಮಲಕ್ಷ್ಮಮ್ಮ. “ಹೇಳ್ತೀಯ ಅಂತ ಗೊತ್ತಿತ್ತು. ದಿನಾಲೂ ಬಸ್ ಹತ್ತುವಾಗ, ಇವತ್ತು ಹೇಳ್ತಾಳೆ ಅಂದ್ಕೊಳ್ತಿದ್ದೆ.”

ಜಾನ್ ಬೀ ರಾಮಲಕ್ಷ್ಮಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಹೊರಡುತ್ತೇನೆಂದು ಎದ್ದರೂ ಬಿಡದೆ ಕುಳಿತಿದ್ದಳು.