ಮೆಣಸಿನ ಪುಸ್ತಕದೊಳಗಿದ್ದ ಸಿಪಾಯಿ

ನನ್ನ ಮೊಮ್ಮಗ ದರ್ಶನ್ ಮಿಲಿಟರಿಯಿಂದ ನಿನ್ನೆ ರಜಕ್ಕೆ ಬಂದ. ಬೆಳಿಗ್ಗೆ ಹತ್ತೂವರೆಗೆ ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಮನೆಗೆ ಬಂದವನು, ಬೆನ್ನ ಮೇಲಿನ ಬ್ಯಾಗನ್ನೂ ಇಳಿಸದೆ, "ಏನಜ್ಜಿ, ಇಷ್ಟು ಸಣ್ಣಗಾಗಿದ್ದೀಯ, ನಿನಗೂ ಪರೇಡ್ ಮಾಡಿಸಿದ್ರಾ?" ಅಂದ. ಹತ್ತು ತಿಂಗಳಾಗಿತ್ತು ಅವನ ಮುಖ ನೋಡಿ. ಆ ಖುಷಿ ಇನ್ನೂ ಇಳಿದಿಲ್ಲ. ಅದರ ಬಲದ ಮೇಲೇ ಇದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಬರವಣಿಗೆ ಅಡ್ಡಾದಿಡ್ಡಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಇಪ್ಪತ್ತೆಂಟು ವರ್ಷ ಈ ಕಡೆಯ ಒಂದು ಸಣ್ಣ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ, ತಪ್ಪು ನನ್ನದು, ಊರಿನದಲ್ಲ. ಕಸ ಗುಡಿಸುವುದು, ಪುಸ್ತಕ ಜೋಡಿಸುವುದು, ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ. ಪುಸ್ತಕ ಅನ್ನುವುದು ಹದಿನಾರು ಹದಿನಾರು ಪುಟದ ಮಡಿಕೆಗಳನ್ನು ಒಟ್ಟಿಗೆ ಹೊಲಿದದ್ದು. ಒಂದು ಮಡಿಕೆಗೆ ಒಂದು ಫಾರಂ ಅಂತಾರೆ.

ಯಾವ ಪುಸ್ತಕವನ್ನು ಜನ ಪ್ರೀತಿಸ್ತಾರೆ ಅಂತ ನನ್ನನ್ನು ಕೇಳಬೇಕು. ಹೊಲಿಗೆ ಬಿಟ್ಟದ್ದು ಯಾವುದೋ ಅದು. ಯುದ್ಧದ ಪುಸ್ತಕಗಳೇ ಒಂದು ಸಾಲು ಇದ್ದವು. ದೊಡ್ಡ ದೊಡ್ಡ ಅಧಿಕಾರಿಗಳು, ಮ್ಯಾಪು, ಬಾಣದ ಗುರುತು ಇದ್ದವೆಲ್ಲ ಬಂದಾಗ ಹೇಗಿದ್ದವೋ ಹಾಗೇ ಗಟ್ಟಿಮುಟ್ಟಾಗಿದ್ದವು. ಒಂದು ಮಾತ್ರ ಎರಡು ವರ್ಷಕ್ಕೊಮ್ಮೆ ನನ್ನ ಸೂಜಿಗೆ ಬರುತ್ತಿತ್ತು. ಅದರಲ್ಲಿದ್ದದ್ದು ಹಿಮದ ಗುಡ್ಡದ ಮೇಲಿನ ಅಡುಗೆ ಸಿಪಾಯಿಯೊಬ್ಬನ ಕಥೆ. ಅವನು ಗುಂಡು ಹಾರಿಸುವುದೇ ಇಲ್ಲ. ಟೀ ಕಾಯಿಸುತ್ತಾನೆ, ಒದ್ದೆ ಸಾಕ್ಸನ್ನು ಒಲೆಯ ಮೇಲೆ ಹಿಡಿಯುತ್ತಾನೆ, ಓದಲು ಬಾರದವರಿಗೆ ಮನೆಯಿಂದ ಬಂದ ಕಾಗದ ಓದಿ ಹೇಳುತ್ತಾನೆ. ಎಸ್ಟೇಟಿನ ಕೂಲಿ ಲೈನಿನ ಮನೆಗಳ ಹೆಂಗಸರು ಬಂದು "ಆ ಟೀ ಸಿಪಾಯಿ ಪುಸ್ತಕ ಇದ್ಯಾ ಅಕ್ಕ?" ಅಂತ ಕೇಳೋರು.

ಈಗ ತಪ್ಪಿನ ವಿಷಯ. ಮಳೆಗಾಲದಲ್ಲಿ ನಮ್ಮಲ್ಲಿ ಪುಸ್ತಕಕ್ಕೆಲ್ಲ ಬೂಷ್ಟು. ಸುಗ್ಗಿ ಬಿಸಿಲು ಬಂದಾಗ ಹೊಲಿಗೆ ಬಿಚ್ಚಿ, ಪಕ್ಕದ ಎಸ್ಟೇಟಿನ ಕಾಫಿ ಕಣದ ಒಂದು ಮೂಲೆಯಲ್ಲಿ ಫಾರಂಗಳನ್ನು ಹರವುತ್ತಿದ್ದೆ. ಕೆಲವು ವರ್ಷದ ಹಿಂದೆ ಒಂದು ದಿನ ಹಾಗೆ ಹರವಿದ್ದಾಗ ಅಕಾಲದ ಮಳೆ ಬಂತು. ಆಳುಗಳು ಕಾಫಿ ಬಳಿಯುವ ಗಡಿಬಿಡಿಯಲ್ಲಿ ನನ್ನ ಫಾರಂಗಳನ್ನೂ ಬಳಿದು ಟಾರ್ಪಾಲಿನ ಕೆಳಗೆ ತಳ್ಳಿದರು. ಆಮೇಲೆ ಪುಟದ ನಂಬರು ನೋಡಿ ಜೋಡಿಸಿ ಹೊಲಿದೆ. ನಂಬರು ಸರಿಯಿತ್ತು. ಒಳಗಿನ ಅಕ್ಷರ ಓದಲಿಲ್ಲ.

ಹೋದ ವರ್ಷ, ನನ್ನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ದರ್ಶನ್ ಫೋನ್ ಮಾಡಿ, "ಮೇಲಿನ ಪೋಸ್ಟಿಗೆ ಹೋಗ್ತಿದ್ದೀನಿ, ಅಲ್ಲಿ ಸಿಗ್ನಲ್ ಇರಲ್ಲ" ಅಂದವನದು ಇಪ್ಪತ್ತೆರಡು ದಿನ ಸುದ್ದಿಯಿಲ್ಲ. ಅವನ ಅಮ್ಮ, ನನ್ನ ಸೊಸೆ ಸುಮಿತ್ರ, ಟಿವಿ ಮುಂದೆ ಕೂತರೆ ಏಳುತ್ತಿರಲಿಲ್ಲ. ಟಿವಿಯಲ್ಲಿ ಬರೀ ಕೂಗಾಟ. ಊಟ ಬಿಟ್ಟಳು. ನನಗೆ ತಡೆಯಲಾಗದೆ ಟಿವಿ ಆರಿಸಿ ಆ ಪುಸ್ತಕ ತಂದು ಕೈಗಿಟ್ಟೆ.

ಓದುತ್ತಾ ಓದುತ್ತಾ ಅವಳ ಮುಖ ಸ್ವಲ್ಪ ಸಡಿಲವಾಯಿತು. "ಅತ್ತೆ, ಅಲ್ಲಿ ಬೆಳ್ಳುಳ್ಳಿ ಹುರಿದು ತಿನ್ನಕ್ಕೆ ಕೊಡ್ತಾರಂತೆ" ಅಂದಳು. "ಅತ್ತೆ, ಮೂರು ಜೊತೆ ಸಾಕ್ಸ್ ಹಾಕ್ಕೋತಾರಂತೆ." ಟಿವಿಯವರು ಯಾರೂ ಅವಳಿಗೆ ಸಾಕ್ಸಿನ ವಿಷಯ ಹೇಳಿರಲಿಲ್ಲ. ಮೂರನೇ ದಿನ ಸಂಜೆ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಇವನು ಟೀ ಕ್ಯಾನು ಹೊತ್ತು ಹಿಮದಲ್ಲಿ ಹೋಗ್ತಾನೆ. ಸುಸ್ತಾಗಿ ಕೂತ್ಕೋತಾನೆ. ವಾಪಸ್ ಬಂದ್ನಾ ಇಲ್ವಾ?"

"ಅಲ್ಲಿಗೇ ಮುಗಿಯುತ್ತಲ್ಲ ಮಾರಾಯ್ತಿ. ಕಾಲೇಜಿನ ಮೇಷ್ಟ್ರು ಒಬ್ರು ಆ ಮುಕ್ತಾಯವನ್ನು ಬಹಳ ಹೊಗಳಿದ್ರು."

"ಮೇಷ್ಟ್ರಿಗೆ ಏನು ಗೊತ್ತು? ಶುರುವಿನಲ್ಲಿ ಕಂಬಳಿ ಕೊಟ್ಟು ಕಳಿಸಿದ ಅವ್ವ ಎಲ್ಲಿ ಹೋದಳು? ಮಗನನ್ನು ಅಲ್ಲಿ ಕೂರಿಸಿ ಯಾರಾದ್ರೂ ಪುಸ್ತಕ ಮುಗಿಸ್ತಾರಾ?"

ಕೈ ಒರೆಸಿಕೊಂಡು ಪುಸ್ತಕ ತಿರುಗಿಸಿದೆ. ಕೊನೆಯ ಪುಟ 208. ಹದಿಮೂರು ಫಾರಂ. ನನಗೆ ಕಣದ ಮಳೆ ನೆನಪಾಯಿತು. ಅವತ್ತು ಇದರ ಜೊತೆ ಬಿಚ್ಚಿದ್ದು ಕಾಳುಮೆಣಸಿನ ಬೇಸಾಯದ ಪುಸ್ತಕ. ಅದಕ್ಕೂ 208 ಪುಟ. ಸಿಪಾಯಿಯ ಕೊನೆಯ ಫಾರಂ 209ರಿಂದ ಶುರುವಾಗಿ ಮೆಣಸಿನ ಬೆನ್ನಿಗೆ ಸರಿಯಾಗಿ ಕೂತುಬಿಟ್ಟಿತ್ತು. ಇಷ್ಟು ವರ್ಷ ಊರವರೆಲ್ಲ ಆ ಹುಡುಗನನ್ನು ಹಿಮದಲ್ಲೇ ಬಿಟ್ಟು ಪುಸ್ತಕ ವಾಪಸ್ ಕೊಟ್ಟಿದ್ದರು, ನನ್ನ ದೆಸೆಯಿಂದ.

ಮಾರನೇ ದಿನ ರಿಜಿಸ್ಟರ್ ನೋಡಿದೆ. ಮೆಣಸಿನ ಪುಸ್ತಕ ಕಳಸದ ಒಬ್ಬ ಗೌಡರ ಹತ್ತಿರ ನಾಲ್ಕು ತಿಂಗಳಿಂದ ಇತ್ತು. ರಜೆ ಹಾಕಿ ಬಸ್ಸು ಹತ್ತಿದೆ. ಗೌಡರು ಜಗುಲಿಯಲ್ಲಿ ಮೆಣಸು ಕೇರುತ್ತಿದ್ದರು.

"ಪುಸ್ತಕ ಕೊಡೋದು ತಡವಾಯ್ತು ಅಂತ ಇಲ್ಲಿತನಕ ಬಂದ್ರಾ?" ಅಂದರು. ವಿಷಯ ಹೇಳಿದೆ. ಗೌಡರು ಮೊರ ಕೆಳಗಿಟ್ಟರು. "ಅದಕ್ಕೇ ನೋಡಿ. ಸೊರಗು ರೋಗಕ್ಕೆ ಔಷಧಿ ಹೊಡೆಯೋದು ಮುಗೀತಿದ್ದ ಹಾಗೆ ಒಬ್ಬ ಸಿಪಾಯಿ ಹಿಮದಲ್ಲಿ ಕೂತಿದ್ದಾನೆ. ಮೆಣಸಿಗೂ ಹಿಮಕ್ಕೂ ಏನೋ ಸಂಬಂಧ ಇರಬೇಕು ಅಂತ ಮೂರು ಸಲ ಓದಿದೆ ಕಣಮ್ಮ. ಸಂಬಂಧ ಸಿಗಲಿಲ್ಲ, ಆದ್ರೆ ಪುಸ್ತಕ ವಾಪಸ್ ಕೊಡೋಕೂ ಮನಸ್ಸು ಬರಲಿಲ್ಲ."

"ಅವನು ಬದುಕ್ತಾನಾ ಗೌಡ್ರೇ?"

"ನಾನು ಹೇಳಲ್ಲ. ನೀವೇ ಓದ್ಕೊಳ್ಳಿ. ಇದರ ಶುರು ಮಾತ್ರ ನನಗೆ ತಲುಪಿಸಬೇಕು."

ವಾಪಸ್ ಬಸ್ಸಿನಲ್ಲಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತೆ. ತೆರೆಯಲು ಧೈರ್ಯವಿಲ್ಲ. ಅವನು ಸತ್ತಿದ್ದರೆ ಸುಮಿತ್ರಳಿಗೆ ಹೇಗೆ ತೋರಿಸಲಿ? ಸಿಗಲಿಲ್ಲ ಅಂತ ಸುಳ್ಳು ಹೇಳಬೇಕು, ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ. ಅರ್ಧ ದಾರಿ ದಾಟಿದ ಮೇಲೆ ತೆರೆದೆ. ಇಬ್ಬರು ಬಂದು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಎಡಗಾಲಿನ ಎರಡು ಬೆರಳು ಹೋಗುತ್ತವೆ. ಊರಿಗೆ ಬರುತ್ತಾನೆ. ಅವನವ್ವ ಯುದ್ಧದ ಮಾತೇ ಎತ್ತುವುದಿಲ್ಲ, ಬಿಸಿನೀರು ತಂದು ಕಾಲು ತೊಳೆಯುತ್ತಾಳೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂತವಳಿಗೆ ನಮ್ಮೂರು ದಾಟಿದ್ದೇ ಗೊತ್ತಾಗಲಿಲ್ಲ. ಮುಂದಿನ ಸ್ಟಾಪಿನಿಂದ ನಡೆದು ಬಂದೆ.

ಆ ಹದಿನಾರು ಪುಟವನ್ನು ಸುಮಿತ್ರ ನಿಂತಲ್ಲೇ ಓದಿದಳು. ಓದಿ, ತಟ್ಟೆ ತೆಗೆದುಕೊಂಡು ತಾನೇ ಅನ್ನ ಹಾಕಿಕೊಂಡು ಉಂಡಳು. ದರ್ಶನ್ ಫೋನ್ ಬಂದದ್ದು ಐದು ದಿನ ಬಿಟ್ಟು. ಪುಸ್ತಕದಿಂದ ಬಂತು ಅಂತ ನಾನು ಹೇಳುವುದಿಲ್ಲ. ಆ ಐದು ದಿನ ಅವಳು ಉಂಡದ್ದು ಮಾತ್ರ ಪುಸ್ತಕದಿಂದಲೇ.

ಎರಡನ್ನೂ ಬಿಚ್ಚಿ ಸರಿಯಾಗಿ ಹೊಲಿದು, ಟೀ ಸಿಪಾಯಿಯನ್ನು ಮೊದಲು ಕಳಸಕ್ಕೆ ಕಳಿಸಿದೆ. ಅಂದಿನಿಂದ ನಿವೃತ್ತಿಯಾಗುವ ದಿನದವರೆಗೆ ನಂಬರನ್ನು ನಂಬಲಿಲ್ಲ. ಒಂದು ಫಾರಮಿನ ಕೊನೆಯ ಸಾಲು, ಮುಂದಿನದರ ಮೊದಲ ಸಾಲು ಬಾಯಿಬಿಟ್ಟು ಓದಿ, ಆಮೇಲೇ ಸೂಜಿ ಹಾಕಿದೆ. ಯಾವ ಪುಟದಲ್ಲಿ ಯಾರ ಮಗ ಕಾಯುತ್ತಿರುತ್ತಾನೋ.

ನಿನ್ನೆ ದರ್ಶನ್ ಬಂದವನೇ ಶೂ ಬಿಚ್ಚಿ ಜಗುಲಿಯಲ್ಲಿ ಕಾಲು ಚಾಚಿದ. ಸುಮಿತ್ರ ಏನೂ ಕೇಳಲಿಲ್ಲ. ಹಂಡೆಯಿಂದ ಬಿಸಿನೀರು ತಂದಳು.

"ಇದೇನಮ್ಮ, ನಾನೇ ತೊಳ್ಕೋತೀನಿ" ಅಂದ.

"ಸುಮ್ನೆ ಕೂತ್ಕೊ" ಅಂದಳು. ಎರಡೂ ಪಾದ ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿ, "ಹತ್ತೂ ಇದೆ ಅತ್ತೆ" ಅಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ನಾವೂ ಹೇಳಲಿಲ್ಲ.

ಸಂಜೆ ಕಡುಬು, ಕೋಳಿಸಾರು. ನನ್ನ ಮಗ ಕೆಲಸದಿಂದ ಬೇಗ ಬಂದ. ನಾಲ್ಕೂ ಜನ ಅಡುಗೆಮನೆಯಲ್ಲೇ ನೆಲದ ಮೇಲೆ ಕೂತೆವು. "ಅಲ್ಲಿ ಬೆಳ್ಳುಳ್ಳಿ ಹುರಿದು ಕೊಡ್ತಾರೆ, ಗೊತ್ತಾ?" ಅಂತ ದರ್ಶನ್ ಶುರುಮಾಡಿದ. ಸುಮಿತ್ರ ಗೊತ್ತಿಲ್ಲದವಳ ಹಾಗೆ "ಹೌದಾ?" ಅಂದು, ಅವನ ತಟ್ಟೆಗೆ ಆರನೇ ಕಡುಬು ಹಾಕಿದಳು.