ಪಾಚಿಯಕ್ಕನ ಮೆಟ್ಟಿಲು

ಊರಿನ್ನೂ ಹೊದಿಕೆಯೊಳಗಿದೆ. ಎದುರಿನ ದಡವಿರಲಿ, ಇಲ್ಲೇ ಕಟ್ಟಿ ನಿಲ್ಲಿಸಿದ ದೋಣಿಗಳ ಮೂತಿಯೂ ಕಾಣದಷ್ಟು ಮಂಜು ನದಿಯ ಮೇಲೆ ಕವಿದಿದೆ. ಕೆಳಗಿನಿಂದ ಒಂದೇ ಒಂದು ಸದ್ದು ಮೇಲೇರಿ ಬರುತ್ತಿದೆ: ಕಲ್ಲಿನ ಮೇಲೆ ತಂತಿ ಉಜ್ಜುವ ಸದ್ದು. ಅದರ ಜಾಡು ಹಿಡಿದು ನಾಲ್ಕು ಮೆಟ್ಟಿಲು ಇಳಿದೆ ಅಷ್ಟೇ, ಮಂಜಿನೊಳಗಿಂದ ಗದರಿಕೆ ಬಂತು.

“ಅಲ್ಲೇ ನಿಲ್ಲಿ. ಮುಂದಿನದು ಇನ್ನೂ ಆಗಿಲ್ಲ.”

ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ಒಬ್ಬ ಹೆಂಗಸು ಕಾಣುತ್ತಾರೆ. ನೀರಿಗೆ ತಾಗಿದ ಮೆಟ್ಟಿಲ ಮೇಲೆ ಮಂಡಿಯೂರಿ ಕೂತಿದ್ದಾರೆ. ಮಂಡಿಗೆ ಹಳೆಯ ಟೈರಿನ ತುಂಡು ಕಟ್ಟಿದ್ದಾರೆ, ಮೈಮೇಲೆ ಗಂಡಸರ ಸ್ವೆಟರು, ಅದರ ತೋಳು ಮೊಣಕೈವರೆಗೆ ಒದ್ದೆ. ಒಂದು ಕೈಯಲ್ಲಿ ತಂತಿಯ ಬ್ರಷ್ಷು, ಇನ್ನೊಂದರಲ್ಲಿ ಒರಟು ಮರಳು. ಉಜ್ಜುತ್ತಾರೆ, ಮರಳು ಚೆಲ್ಲುತ್ತಾರೆ, ಮತ್ತೆ ಉಜ್ಜುತ್ತಾರೆ, ನೀರು ಹುಯ್ದು ಅಂಗೈಯಿಂದ ಸವರಿ ನೋಡುತ್ತಾರೆ. ಕೈ ಜಾರಿದರೆ ಮತ್ತೆ ಮೊದಲಿಂದ. ಬಿಸಿಲು ಬರುವ ಹೊತ್ತಿಗೆ ಈ ಮೆಟ್ಟಿಲುಗಳ ಮೇಲೆ ಜನವೋ ಜನ. ಅವರಲ್ಲಿ ಒಬ್ಬರಿಗೂ ಈ ಹೆಂಗಸು ಇಲ್ಲಿದ್ದರೆಂಬ ಸುಳಿವೇ ಇರುವುದಿಲ್ಲ.

ದೋಣಿಯವರು ಇವರನ್ನು ಪಾಚಿಯಕ್ಕ ಎನ್ನುತ್ತಾರೆ. ಆ ಹೆಸರಿಟ್ಟು ಎಷ್ಟು ಕಾಲವಾಯಿತೆಂದರೆ, ಅಂಗಡಿಯಲ್ಲಿ ಯಾರಾದರೂ ಸ್ವಂತ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ಮಳೆಗಾಲದಲ್ಲಿ ಈ ಮೆಟ್ಟಿಲುಗಳಲ್ಲಿ ಅರ್ಧಕ್ಕರ್ಧ ನದಿಯೊಳಗಿರುತ್ತವೆ. ಚಳಿ ಶುರುವಾದಂತೆ ನೀರು ಇಳಿಯುತ್ತದೆ, ಮುಳುಗಿದ್ದ ಮೆಟ್ಟಿಲುಗಳು ಪಾಚಿ ಹೊದ್ದು ಒಂದೊಂದಾಗಿ ಮೇಲೆ ಬರುತ್ತವೆ. ಚಳಿಗಾಲದ ರಜೆ ಬರುವುದೂ ಆಗಲೇ. ಬಸ್ಸುಗಳಲ್ಲಿ ಬಂದಿಳಿದವರು ಚೀಲವನ್ನು ಲಾಡ್ಜಿನಲ್ಲೆಸೆದು ಮೊದಲು ಓಡುವುದು ನದಿಗೆ. “ಹಸಿರು ಪಾಚಿ ಪರವಾಗಿಲ್ಲ, ಕಣ್ಣಿಗೆ ಕಾಣತ್ತೆ,” ಎನ್ನುತ್ತಾರೆ ಪಾಚಿಯಕ್ಕ. “ಕಲ್ಲಿನ ಬಣ್ಣದ್ದೇ ಒಂದಿದೆ, ಎಣ್ಣೆ ಸವರಿದ ಹಾಗೆ. ಅದು ಮಹಾ ಕಳ್ಳ.”

ಆ ಕಳ್ಳನ ಪರಿಚಯ ಅವರಿಗಾದ ಬಗೆಯನ್ನು ಕೇಳಲು ನನಗೆ ಎರಡು ದಿನ ಬಾಯಿ ಬರಲಿಲ್ಲ. ಮೂರನೆಯ ಬೆಳಿಗ್ಗೆ, ಚಹಾದ ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದುಕೊಂಡು, ಅವರಾಗಿಯೇ ಹೇಳಿದರು.

ಪಾಚಿಯಕ್ಕ ಈ ಊರಿನವರಲ್ಲ. ಹನ್ನೆರಡು ವರ್ಷದ ಹಿಂದೆ ಇಂಥದೇ ಒಂದು ರಜೆಯಲ್ಲಿ ನದಿ ನೋಡಲು ಬಂದವರು. ಜೊತೆಗೆ ಹೊಲಿಗೆ ಮೆಷಿನ್ ರಿಪೇರಿ ಮಾಡುವ ಗಂಡ, ಮೂರು ವರ್ಷದ ಮಗಳು. ಮದುವೆಯಾದ ಮೇಲೆ ಗಂಡ ಹೆಂಡತಿ ಮನೆ, ಅಂಗಡಿ ಬಿಟ್ಟು ಎಲ್ಲೂ ಹೋದವರಲ್ಲ. ಹಟ ಹಿಡಿದು ಹೊರಡಿಸಿದ್ದು ಪಾಚಿಯಕ್ಕನೇ. ಬಂದ ಮರುದಿನ ಬೆಳಿಗ್ಗೆ ಮೂವರೂ ಮೆಟ್ಟಿಲಿಳಿದರು.

“ನೀರು ಎಷ್ಟು ತಣ್ಣಗಿದೆ ನೋಡ್ತೀನಿ, ಆಮೇಲೆ ಪುಟ್ಟಿ ಕಾಲು ಅದ್ದಿಸೋಣ ಅಂದ್ರು. ಮಗೂನ ನನ್ನ ಕೈಗೆ ಕೊಟ್ರು. ಬಗ್ಗಿದ್ರು. ತಲೆ ಕಲ್ಲಿಗೆ ಬಡಿದ ಸದ್ದು ಕೇಳಿಸ್ತು. ಕೂಗ್ಲೂ ಇಲ್ಲ. ಮೆಟ್ಟಿಲ ಮೇಲಿದ್ರು, ಆಮೇಲೆ ಇರಲಿಲ್ಲ.”

ದೋಣಿಯವರು ದಿನಗಟ್ಟಲೆ ನದಿ ಜಾಲಾಡಿದರು. ದೇಹ ಸಿಗಲಿಲ್ಲ. ಊರಿಂದ ಬಂದ ನೆಂಟರು ಅತ್ತು, ಕಾದು, ಸುಸ್ತಾಗಿ ಹೊರಟು ನಿಂತರು. ಇವರು ಮಾತ್ರ ಜಪ್ಪಯ್ಯ ಎಂದರೂ ಬಸ್ಸು ಹತ್ತಲಿಲ್ಲ. ಗಂಡ ಸಿಕ್ಕರೆ ಗುರುತಿಸುವವರು ಯಾರು ಎಂಬುದೊಂದೇ ಪ್ರಶ್ನೆ. ಅತ್ತೆ ಬಸ್ಸಿನ ಕಿಟಕಿಯಿಂದ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆಯಂತೆ: “ಪ್ರವಾಸ, ಪ್ರವಾಸ ಅಂತ ಕುಣಿದೋಳು ನೀನು. ಇಲ್ಲೇ ಇರು.”

ಇದ್ದುಬಿಟ್ಟರು. ಅವರು ಇಳಿದುಕೊಂಡಿದ್ದ ಲಾಡ್ಜಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ತನ್ನ ಕೋಣೆಯಲ್ಲೇ ತಾಯಿ ಮಗಳಿಗೆ ಜಾಗ ಕೊಟ್ಟಳು, ಚಾದರ ಇಸ್ತ್ರಿ ಮಾಡುವ ಕೆಲಸ ಕೊಡಿಸಿದಳು. ಇಸ್ತ್ರಿಯ ಕೋಣೆಗೆ ಒಂದೇ ಕಿಟಕಿ, ಅದು ತೆರೆಯುವುದು ನದಿಯ ಕಡೆಗೆ. ಮುಂದಿನ ಚಳಿಗಾಲ ಮತ್ತೆ ರಜೆ ಬಂತು, ಮತ್ತೆ ಜನ ಬಂದರು. ಒಂದು ಬೆಳಿಗ್ಗೆ ಯಾರೋ ಅಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಳಕೆಳಗೆ ಇಳಿಯುತ್ತಿದ್ದುದು ಕಿಟಕಿಯಿಂದ ಕಂಡಿತು.

“ಇಸ್ತ್ರಿ ಪೆಟ್ಟಿಗೇನ ಚಾದರದ ಮೇಲೇ ಬಿಟ್ಟು ಓಡಿದೆ. ಹೋಗಿ ಅವನ ಕೋಟು ಹಿಡ್ದು ಎಳೆದೆ. ಮಾತೇ ಹೊರಡ್ಲಿಲ್ಲ, ಬರೀ ಎಳೆದೆ. ಅವನು ಕಳ್ಳಿ ಅಂದ್ಕೊಂಡ. ಕಾವಲುಗಾರ ಬಂದು ರಟ್ಟೆ ಹಿಡ್ದು ರಸ್ತೆಗೆ ಬಿಟ್ಟ. ಲಾಡ್ಜಿಗೆ ಬಂದ್ರೆ ಚಾದರ ಸುಟ್ಟು ಹೋಗಿತ್ತು, ಅದಕ್ಕೂ ಬೈಗುಳ.”

ಬಂದವರನ್ನೆಲ್ಲ ಕೋಟು ಹಿಡಿದು ಎಳೆಯಲಾಗದು ಎಂಬುದು ಅವತ್ತು ಹೊಳೆಯಿತು. ಮರುದಿನ ನಸುಕಿನಲ್ಲೇ ಲಾಡ್ಜಿನ ಅಡುಗೆಮನೆಯ ಪಾತ್ರೆ ತಿಕ್ಕುವ ಬ್ರಷ್ಷು ತೆಗೆದುಕೊಂಡು ಮೆಟ್ಟಿಲಿಗೆ ಬಂದರು.

ಯಾರೂ ಹೇಳಿದ್ದಲ್ಲ, ಯಾರೂ ಕೂಲಿ ಕೊಡುತ್ತಲೂ ಇರಲಿಲ್ಲ. ನದಿಗೆ ಸ್ನಾನ ಮಾಡಿಸಲು ಹೊರಟಿದ್ದಾಳೆ ಎಂದು ದೋಣಿಯವರು ನಕ್ಕರು. “ನಕ್ಕವರಲ್ಲಿ ನಾನೇ ಮೊದಲನೆಯವನು,” ಎನ್ನುತ್ತಾನೆ ಮುಂಗೈವರೆಗೆ ಹಗ್ಗ ಸುತ್ತಿಕೊಂಡು ನಿಂತ ಹಿರಿಯ ದೋಣಿಕಾರ. “ಆಮೇಲೆ ಗೊತ್ತಾಯ್ತು, ಪ್ರತಿ ಚಳಿಗಾಲ ಯಾರನ್ನಾದ್ರೂ ಎತ್ಕೊಂಡು ಆಸ್ಪತ್ರೆಗೆ ಓಡ್ತಿದ್ವಲ್ಲ, ಆ ವರ್ಷ ಓಡಲೇ ಇಲ್ಲ. ಈಗ ಮರಳು ನಾವೇ ತಂದು ಹಾಕ್ತೀವಿ.” ನಗರಸಭೆಯವರು ಕಡೆಗೂ ಇವರನ್ನು ದಿನಗೂಲಿಗೆ ತೆಗೆದುಕೊಂಡಿದ್ದಾರೆ, ಅದೂ ಚಳಿಗಾಲಕ್ಕೆ ಮಾತ್ರ. ಉಳಿದ ತಿಂಗಳು? “ಪಾಚಿ ಸಂಬಳ ಇಲ್ದೆ ಬೆಳೆಯತ್ತೆ, ನಾನು ಸಂಬಳ ಇಲ್ದೆ ಉಜ್ತೀನಿ. ಲೆಕ್ಕ ಸರಿಹೋಯ್ತಲ್ಲ,” ಎಂದು ನಗುತ್ತಾರೆ. ನಕ್ಕಾಗ ಚಳಿಗೆ ಒಡೆದ ತುಟಿ ನೋಯುತ್ತದೆ, ಕೈಯಿಂದ ಮುಚ್ಚಿಕೊಳ್ಳುತ್ತಾರೆ. ಬೆರಳ ಗೆಣ್ಣುಗಳಲ್ಲಿ ಬಿರಿದ ಚರ್ಮ ಕೂಡಿಕೊಳ್ಳುವುದನ್ನೇ ಬಿಟ್ಟಿದೆ.

ಅತ್ತೆ ಪ್ರತಿ ಚಳಿಗಾಲ ಬರುತ್ತಿದ್ದರು. ಸೊಸೆಯ ಮನೆಗಲ್ಲ, ನದಿಗೆ. ಮಗ ಹೋದ ದಿನ ಬಂದು ಮೇಲಿನ ಕಟ್ಟೆಯ ಮೇಲೆ ಕೂತು, ನೀರು ನೋಡಿ, ಮಾತಿಲ್ಲದೆ ಸಂಜೆಯ ಬಸ್ಸಿಗೆ ಮರಳುತ್ತಿದ್ದರು. ಸೊಸೆ ಚಹಾ ತಂದಿಟ್ಟರೆ ಅದು ಹಾಗೆಯೇ ಆರಿಹೋಗುತ್ತಿತ್ತು. ನಾಲ್ಕನೆಯ ವರ್ಷ ಅವರು ಮೊದಲ ಬಸ್ಸಿಗೇ ಬಂದರು. ಪಾಚಿಯಕ್ಕ ಉಜ್ಜುತ್ತಿದ್ದರು. ಹಿಂದೆ ಹೆಜ್ಜೆಯ ಸದ್ದಾಯಿತು.

“ಯಾವುದು ಅಂತ ಕೇಳಿದ್ರು. ಅಷ್ಟು ವರ್ಷದಲ್ಲಿ ನನ್ನ ಹತ್ರ ಆಡಿದ್ದು ಅದೇ ಮೊದಲ ಮಾತು. ಯಾವ ಮೆಟ್ಟಿಲು ಅಂತ ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೆ ತೋರಿಸ್ದೆ. ಅದರ ಪಕ್ಕದಲ್ಲೇ ಕೂತ್ರು. ಮಗುವಿನ ಬೆನ್ನು ಸವರೋ ಹಾಗೆ ಅಂಗೈ ಹಾಕಿ ಕಲ್ಲು ಸವರಿದ್ರು, ಈ ತುದಿಯಿಂದ ಆ ತುದಿಗೆ. ‘ಒರಟಾಗಿದೆ ಕಣೇ. ಕಾಲು ನಿಲ್ಲತ್ತೆ’ ಅಂದ್ರು. ಆಮೇಲೆ ಇಬ್ರೂ ಅತ್ವಿ. ಅಲ್ಲೀವರೆಗೂ ಜೊತೇಲಿ ಅತ್ತೇ ಇರಲಿಲ್ಲ ನಾವು.”

ಆ ಸಂಜೆಯ ಬಸ್ಸು ಅತ್ತೆಯನ್ನು ಬಿಟ್ಟೇ ಹೊರಟಿತು. ಇನ್ನೊಬ್ಬ ಮಗ ಪೆಟ್ಟಿಗೆ ತಂದುಕೊಟ್ಟು ಹೋದ. ಈಗ ಲಾಡ್ಜಿನ ಹಿಂದಿನ ಎರಡು ಕೋಣೆಗಳಲ್ಲಿ ಅತ್ತೆ, ಸೊಸೆ, ಮೊಮ್ಮಗಳು ಸಂಸಾರ ಹೂಡಿದ್ದಾರೆ. ಬಾಗಿಲ ಹಿಂದೆ ಮೊಳೆಗೆ ಮೂರು ಬ್ರಷ್ಷುಗಳು, ಕಿಟಕಿಯ ಕಂಬಿಗೆ ಒಣಗಲು ಹಾಕಿದ ಕೈಗವಸುಗಳು, ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಬಿಡಿಭಾಗಗಳಿರುವ ತಗಡಿನ ಡಬ್ಬಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಇಬ್ಬರದೂ ಒಂದೇ ಕಾಲ, ಚಳಿಗಾಲ.

ಬಿಸಿಲು ಏರಿ ಪ್ರವಾಸಿಗರು ಬರುವ ಹೊತ್ತಿಗೆ ಅತ್ತೆಯ ಪಾಳಿ ಶುರು. ಮೇಲಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂರುತ್ತಾರೆ. ದೋಣಿಯವರು ಇಟ್ಟ ಹೆಸರು ಸೈರನ್ ಅಜ್ಜಿ. ಫೋಟೊ ತೆಗೆಯುತ್ತ ಹಿಂದೆ ಹಿಂದೆ ಸರಿಯುತ್ತಿದ್ದ ತರುಣನಿಗೆ ನನ್ನೆದುರೇ ಮಂಗಳಾರತಿಯಾಯಿತು: “ಏ ಟೋಪಿಯಪ್ಪಾ! ಕಣ್ಣು ಫೋನಲ್ಲಿ, ಕಾಲು ಗಾಳೀಲಿ! ನಿಮ್ಮಮ್ಮ ನಿನ್ನ ಬಿಟ್ಟಿಯಾಗಿ ಹೆತ್ಲೇನೋ?” ಅವನು ಮುಖ ಕೆಂಪಗೆ ಮಾಡಿಕೊಂಡು ನಾಲ್ಕು ಮೆಟ್ಟಿಲು ಮೇಲೆ ಬಂದ. ಅಜ್ಜಿ ನನ್ನ ಕಡೆ ತಿರುಗಿದರು. “ಬೈಸ್ಕೊಂಡೋನು ಮನೆಗೆ ಹೋಗಿ ಬೈತಾನೆ. ಬೈಲಿ. ಮನೆಗೆ ಹೋಗ್ತಾನಲ್ಲ, ಅಷ್ಟು ಸಾಕು.”

ಇಷ್ಟು ವರ್ಷಗಳಲ್ಲಿ ಈ ಮೆಟ್ಟಿಲುಗಳಿಂದ ನದಿ ಮತ್ತೊಬ್ಬರನ್ನು ಒಯ್ದಿಲ್ಲ. ಅದನ್ನು ಹೇಳಿದರೆ ಪಾಚಿಯಕ್ಕ ತಕ್ಷಣ ಕೈ ಅಡ್ಡ ಮಾಡುತ್ತಾರೆ. “ಹಾಗೆಲ್ಲ ಬಾಯಿಬಿಟ್ಟು ಹೇಳ್ಬೇಡಿ. ನಾಳೆ ನೀರು ಇನ್ನೊಂದು ಮೆಟ್ಟಿಲು ಇಳಿದಿರತ್ತೆ.” ಸಿಕ್ಕದ ಗಂಡನಿಗಾಗಿ ಈಗಲೂ ಕಾಯುತ್ತಿದ್ದೀರಾ ಎಂದು ಕೇಳಿದೆ. ಬ್ರಷ್ಷಿನ ತಂತಿಗೆ ಸಿಕ್ಕಿದ ಪಾಚಿಯ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತರು. “ಮೊದಲು ಅದಕ್ಕೇ ಉಳಿದೆ. ಈಗ ಕೆಲಸಕ್ಕೆ ಬರ್ತೀನಿ,” ಎಂದರು.

ಮಗಳು ಪುಟ್ಟಿಗೆ ಈಗ ಹದಿನೈದು. ಇಷ್ಟು ದಿನ ಅಮ್ಮ ಅವಳನ್ನು ನದಿಯ ಹತ್ತಿರ ಬಿಟ್ಟುಕೊಂಡವರೇ ಅಲ್ಲ. ಶಾಲೆಗೂ ಹಿಂದಿನ ಬೀದಿಯಿಂದಲೇ ಕಳಿಸಿದವರು. ಈ ರಜೆಯಲ್ಲಿ ಅವಳು ಅಜ್ಜಿಯನ್ನು ತನ್ನ ಪಕ್ಷಕ್ಕೆ ಎಳೆದುಕೊಂಡು, ಊರಾಚೆಯ ಈಜುಕೊಳಕ್ಕೆ ಸೇರಿಬಿಟ್ಟಿದ್ದಾಳೆ. ಬಿಸಿನೀರಿನ ಕೊಳ, ಕಲಿಸುವ ಟೀಚರಮ್ಮ ಪಕ್ಕದಲ್ಲೇ ಇರುತ್ತಾರೆ. ಆದರೂ ಮೊದಲ ದಿನ ಜೊತೆಗೆ ಹೋದ ಪಾಚಿಯಕ್ಕ, ಮಗಳು ನೀರಿಗಿಳಿಯುವ ಮೊದಲೇ ಹೊರಗೆ ಬಂದು ಗೇಟಿನ ಕಂಬಿ ಹಿಡಿದು ನಿಂತುಬಿಟ್ಟರಂತೆ.

ಹೊರಡುವ ಮುನ್ನ, ನಿಮಗೇನು ಬೇಕು ಎಂದು ಕೇಳಿದೆ. ಮೆಟ್ಟಿಲಿಗೆ ಕಂಬಿ, ಖಾಯಂ ನೌಕರಿ, ಇಂಥದೇನಾದರೂ ಕೇಳುತ್ತಾರೆಂದುಕೊಂಡಿದ್ದೆ. ಅವರು ಮಂಡಿಯ ಟೈರು ಬಿಚ್ಚಿ ಪಕ್ಕಕ್ಕಿಟ್ಟರು.

“ನಿನ್ನೆ ಗೇಟು ದಾಟಿ ಒಳಗೇ ಕೂತಿದ್ದೆ, ಕೊಳದ ಪಕ್ಕದ ಬೆಂಚಿನ ಮೇಲೆ. ಅವಳು ಮುಳುಗಿದಾಗ ಕಣ್ಣು ಮುಚ್ಕೊಂಡ್ಬಿಟ್ಟೆ. ಕಣ್ಣು ಬಿಟ್ಟಾಗ ಆ ಕಡೆ ದಡದಲ್ಲಿ ನಿಂತು ನನಗೆ ಕೈ ಬೀಸ್ತಿದ್ಳು. ಹೆಂಗೆ ಅಲ್ಲಿಗೆ ಹೋದ್ಳು ಅಂತ ನಾನು ನೋಡ್ಲೇ ಇಲ್ಲ,” ಎಂದರು. “ಒಂದ್ಸಲ, ಅವಳು ಮುಳುಗಿ ಏಳೋ ತನಕ ಕಣ್ಣು ಬಿಟ್ಕೊಂಡೇ ಇರ್ಬೇಕು. ಅಷ್ಟೇ.”