ಹನ್ನೊಂದು ಆಡಿಯೋ

ತಪ್ಪು ನನ್ನದೇ. ಬಾಯಿ ಮುಚ್ಚಿಕೊಂಡು ಇನ್ನೊಂದು ದಿನ ಕಾಯಬೇಕಿತ್ತು, ಕಾಯಲಿಲ್ಲ. "ಅಕ್ಕಾ, ಹನ್ನೊಂದು ಆಡಿಯೋ ಅದಾವ ಅಂತ ತೋರಸ್ತದ್ರಿ" ಎಂದು ಫೋನಿನಲ್ಲಿ ಹೇಳಿಯೇಬಿಟ್ಟೆ. ಆ ಕಡೆ ಆಕೆ ಅಳತೊಡಗಿದಳು.

ಮರಾಠಿ ನಾಡಿನ ಬಿಬವೇವಾಡಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಕನ್ನಡದವನೆಂದು ಯಾರೋ ಹೇಳಿದ್ದಕ್ಕೆ ಆಕೆ ಗಂಡನನ್ನು ಕರೆದುಕೊಂಡು ಬಂದಿದ್ದಳು. ಯಾದಗಿರಿ ಕಡೆಯವರು. ಆತ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವನು. ಗಂಟಲಿನ ಆಪರೇಷನ್ ಆಗಿ ಮಾತು ಪೂರ್ತಿ ಹೋಗಿತ್ತು. ಓದು ಬರಹ ಇಲ್ಲ. ಆಪರೇಷನ್ನಿನ ಹಿಂದಿನ ದಿನ ಹೆಂಡತಿಗೆಂದು ಏನೋ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ವಾರ್ಡಿನಲ್ಲಿ ಕಳ್ಳರ ಕಾಟ ಎಂದು ಯಾರೋ ಹೆದರಿಸಿದ್ದಕ್ಕೆ ಅಂದೇ ಹೊಸ ಪ್ಯಾಟರ್ನ್ ಲಾಕನ್ನೂ ಹಾಕಿದ್ದ. ಎಚ್ಚರವಾದ ಮೇಲೆ ಆ ಪ್ಯಾಟರ್ನ್ ಏನು ಮಾಡಿದರೂ ನೆನಪಾಗಲಿಲ್ಲ. ರೀಸೆಟ್ ಮಾಡಿದರೆ ಫೋನು ತೆರೆಯುತ್ತದೆ, ಒಳಗಿನದೆಲ್ಲ ಹೋಗುತ್ತದೆ ಎಂದು ಸರ್ವಿಸ್ ಸೆಂಟರಿನವರು ಹೇಳಿದ್ದರಂತೆ.

ನಾನೂ ಅಷ್ಟೇ ಹೇಳಿ ಕಳಿಸಬಹುದಿತ್ತು. ಆದರೆ ಸುಮ್ಮನೆ ಕೂರುವ ಆಸಾಮಿಯಲ್ಲ ನಾನು. ಇಂಟರ್ನೆಟ್ ಜಾಲಾಡಿ ಒಂದು ಸಾಫ್ಟ್‌ವೇರ್ ಹುಡುಕಿದೆ. ಯಾವ ಲಾಕ್ ಇದ್ದರೂ ತೆರೆಯುತ್ತದಂತೆ, ಒಂದು ಫೈಲೂ ಹೋಗುವುದಿಲ್ಲವಂತೆ. ಹಾಕಿಕೊಳ್ಳುವ ಮೊದಲು ಆಂಟಿವೈರಸ್ ಆಫ್ ಮಾಡಿ ಎಂದಿತು. ಕಳ್ಳನೇ ಬಂದು ನಾಯಿ ಕಟ್ಟಿಹಾಕಿ ಎಂದ ಹಾಗೆ! ಆಗಲೇ ಬಿಟ್ಟುಬಿಡಬೇಕಿತ್ತು. ಅಂಗಡಿಯ ಹಳೇ ಕಂಪ್ಯೂಟರ್ ತಾನೇ, ಹಾಳಾದರೆ ಹಾಳಾಗಲಿ ಎಂದು ಆಫ್ ಮಾಡಿದೆ. ಫೋನ್ ಜೋಡಿಸಿದೆ. ಸ್ಕ್ಯಾನ್ ಮುಗಿಸಿ ಅದು ತೋರಿಸಿದ್ದೇ ಆ ಹನ್ನೊಂದು ಆಡಿಯೋ. ಕೇಳಬೇಕಾದರೆ ಮಾತ್ರ ಲೈಸೆನ್ಸ್ ಕೊಳ್ಳಬೇಕು.

ಆಕೆಗೆ ಸುದ್ದಿ ಮುಟ್ಟಿಸಿದ ಮೇಲೆ ನನಗೆ ಕಸಿವಿಸಿ ಶುರುವಾಯಿತು. ಊಟ ಸೇರಲಿಲ್ಲ. ಗಿರಾಕಿಯೊಬ್ಬರು ಮರಾಠಿಯಲ್ಲಿ ಚಾರ್ಜರ್ ಕೇಳಿದರೆ ಅವರ ಮೇಲೆ ರೇಗಿದೆ. ಸಾಫ್ಟ್‌ವೇರ್ ಬಗ್ಗೆ ಜನ ಬರೆದದ್ದನ್ನು ಓದುತ್ತ ಕೂತೆ. ಎಲ್ಲರೂ ಐದು ಸ್ಟಾರ್, ಎಲ್ಲರದೂ ಹೆಚ್ಚುಕಡಿಮೆ ಒಂದೇ ವಾಕ್ಯ. ಕಂಪನಿಯ ವಿಳಾಸ ಎಲ್ಲೂ ಇಲ್ಲ. ತಡೆಯಲಾರದೆ, ಹಿಂದಿನ ದಿನ ನಾನೇ ಕೈಯಾರೆ ಪೂರ್ತಿ ಅಳಿಸಿಟ್ಟಿದ್ದ ಹಳೇ ಫೋನೊಂದನ್ನು ಅದೇ ಕೇಬಲ್ಲಿಗೆ ಚುಚ್ಚಿದೆ. ಹನ್ನೊಂದು ಆಡಿಯೋ. ಇನ್ನೊಂದು ಖಾಲಿ ಫೋನು ಚುಚ್ಚಿದೆ. ಹನ್ನೊಂದು. ಥತ್ ಇದರ! ಕೇಬಲ್ ಕಿತ್ತೆಸೆದೆ. ಸಿಟ್ಟು ಬಂದದ್ದು ಸಾಫ್ಟ್‌ವೇರಿನ ಮೇಲಲ್ಲ, ನನ್ನ ಮೇಲೆ.

ಅಷ್ಟರಲ್ಲಿ ಗಂಡಹೆಂಡತಿ ಇಬ್ಬರೂ ಬಂದೇಬಿಟ್ಟರು. ಆಕೆ ಹೊಸ ಸೀರೆ ಉಟ್ಟಿದ್ದಳು.

"ಅಕ್ಕಾ, ಅದು ಸುಳ್ಳ ಅದರಿ. ಖಾಲಿ ಫೋನ್ ಹಚ್ಚಿದ್ರೂ ಹನ್ನೊಂದ ತೋರಸ್ತದ. ನಾ ಪರೀಕ್ಷಾ ಮಾಡದ ಹೇಳಿಬಿಟ್ಟೆ, ಭಾಳ ತಪ್ಪಾತ್ರಿ."

ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಏನು ಮಾಡಲೂ ತೋಚದೆ, "ಅದರಾಗ ಏನ್ ಹೇಳ್ಯಾರಂತ ಅವರನ್ನ ಕೇಳೀರೇನ್ರಿ?" ಎಂದೆ.

"ಇಲ್ರಿ ಅಣ್ಣಾ. ಕೈಸನ್ನಿ ಮಾಡಿ ಹೇಳಾಕ ಬಂದ್ರ ನಾನ ಬ್ಯಾಡ ಅಂದಿದ್ದೆ. ಅವರ ದನೀಲೆ ಕೇಳಬೇಕಂತ." ಆಮೇಲೆ ಗಂಡನ ಕಡೆ ತಿರುಗಿದಳು. "ಇನ್ನ ಹೇಳಿಬಿಡ್ರಿ."

ಆತ ಆಕೆಯತ್ತ ಬೆರಳು ತೋರಿಸಿದ. ತುತ್ತು ಎತ್ತಿ ಬಾಯಿಗೆ ಇಡುವಂತೆ ಕೈ ಮಾಡಿದ. ಬೇಡ ಬೇಡ ಎಂಬಂತೆ ತಲೆಯಾಡಿಸುತ್ತ ಹೊಟ್ಟೆ ಹಿಡಿದುಕೊಂಡ.

"ಉಪಾಸ ಇರಬ್ಯಾಡ ಅಂದಾರಂತ್ರಿ. ಇಷ್ಟ!" ಆಕೆ ನಗಲು ಹೋಗಿ ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡು, ನಾನಿರುವುದನ್ನು ಮರೆತವಳಂತೆ, ಮೆಲ್ಲಗೆ ಕೇಳಿದಳು: "ಅದರಾಗ ನನ್ನ ಹೆಸರು ಹಿಡದು ಕರದಿದ್ರೇನು?"

ಆತ ನಾಚಿ ನೆಲ ನೋಡಿದ. ಹೌದೆಂದು ತಲೆಯಾಡಿಸಿದ.

"ಲಗ್ನಾಗಿ ಇಷ್ಟ ವರ್ಷಾತ್ರಿ ಅಣ್ಣಾ, ಒಮ್ಮೇನೂ ಹೆಸರ್ಲೆ ಕರದಿಲ್ಲ. ಏ ಅಂದ್ರ ನಾ ಓಡಿ ಹೋಗಬೇಕು."

ರೀಸೆಟ್ ಮಾಡಿದರೆ ಫೋನು ಬಳಸಲಿಕ್ಕಾದರೂ ಬರುತ್ತದೆ ಎನ್ನುತ್ತ ನಾನು ಕೈ ಚಾಚಿದೆ. ಆಕೆ ಫೋನನ್ನು ಟೇಬಲ್ಲಿನಿಂದ ಕಿತ್ತುಕೊಂಡಳು.

"ಬ್ಯಾಡ್ರಿ. ಒಳಗ ಇರ್ಲಿ."